ಬೋಲ್ಟಿನಡಿಯ ಕೆಂಪು ಬಣ್ಣ

ನನ್ನ ಮನೆಯಲ್ಲಿ ತುಕ್ಕು ತಡೆಯುವ ಕೆಂಪು ಆಕ್ಸೈಡ್ ಬಣ್ಣದ ಡಬ್ಬಿ ಇಟ್ಟುಕೊಳ್ಳುವುದಿಲ್ಲ. ಕಿಟಕಿಯ ಸರಳಿಗೆ ತುಕ್ಕು ಹಿಡಿದರೆ ಹಿಡಿಯಲಿ ಎಂದು ಬಿಟ್ಟಿದ್ದೇನೆ. ನನ್ನ ಹೆಂಡತಿ ಮೊದಮೊದಲು ಜಗಳವಾಡಿದಳು, ಆಮೇಲೆ ಇದೊಂದು ಹುಚ್ಚು ಎಂದು ಸುಮ್ಮನಾದಳು. ಅವಳಿಗೂ ಕಾರಣ ಹೇಳಿದವನಲ್ಲ ನಾನು.

ಅರವತ್ತರ ದಶಕದ ಆರಂಭ. ಅಮ್ಮ, ಅಣ್ಣ, ನಾನು ಮದರಾಸಿನ ಪೆರಂಬೂರಿನಲ್ಲಿದ್ದೆವು. ಅಪ್ಪ ರೈಲ್ವೆಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ನನಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತ್ತು, ಬೋಗಿಗಳಿಗೆ ದೀಪ ಮತ್ತು ಫ್ಯಾನು ಜೋಡಿಸುವ ವಿಭಾಗದಲ್ಲಿ. ಅಣ್ಣನಿಗೆ ನಾಲ್ಕು ಗೋಡೆಯ ಕೆಲಸ ಒಗ್ಗುತ್ತಿರಲಿಲ್ಲ. ಅವನು ವಡಪಳನಿಯ ಒಂದು ಸಿನಿಮಾ ಸ್ಟುಡಿಯೋದ ಜೀಪು ಓಡಿಸುತ್ತಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪು ಅದು. ಹೊರಾಂಗಣ ಶೂಟಿಂಗಿಗೆ ಬೇಕಾದ ದೀಪ, ತಂತಿ, ಜನ ಎಲ್ಲವನ್ನೂ ಹೇರಿಕೊಂಡು ಗದ್ದೆ, ಮರಳು, ಕೆಸರು ಎನ್ನದೆ ನುಗ್ಗುತ್ತಿತ್ತು. ಅಣ್ಣನ ಪಕ್ಕದ ಸೀಟಿನಲ್ಲಿ ಯಾವಾಗಲೂ ಕೂರುತ್ತಿದ್ದವರು ಸ್ಟುಡಿಯೋದ ಒಬ್ಬ ವಯಸ್ಸಾದ ಲೈಟ್‌ಮ್ಯಾನ್. ಅಣ್ಣ ಅವರನ್ನು ತಮಿಳಿನಲ್ಲಿ ‘ಪೆರಿಯವರ್’, ಹಿರಿಯರು, ಎಂದು ಕರೆಯುತ್ತಿದ್ದ, ನಾವೂ ಹಾಗೇ ಕರೆದೆವು.

ಆ ವರ್ಷ ವೇಲಚೇರಿಯ ಕೆರೆಯ ಬಳಿ ಶೂಟಿಂಗು ನಡೆದಿತ್ತು. ಆಗ ಅಲ್ಲಿ ಕೆರೆ ಮತ್ತು ಗದ್ದೆ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಏರಿಯ ಮೇಲೆ ಒಂದೇ ಗಾಡಿ ಹಿಡಿಯುವ ಮಣ್ಣಿನ ದಾರಿ, ಒಂದು ಪಕ್ಕಕ್ಕೆ ನೀರು. ಹೊತ್ತು ಮುಳುಗಿದ ಮೇಲೆ ಸಾಮಾನು ಕಟ್ಟಿಕೊಂಡು ಅದೇ ದಾರಿಯಲ್ಲಿ ಹಿಂದಿರುಗಬೇಕು. ಜೀಪಿನ ಮುಂದಿನ ದೀಪಗಳು ಅಲ್ಲೇ ತೊಂದರೆ ಕೊಡತೊಡಗಿದವು. ಗುಂಡಿಗೆ ಚಕ್ರ ಬಿದ್ದರೆ ಎರಡೂ ಫಕ್ಕನೆ ಆರಿ, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತುತ್ತಿದ್ದವು.

“ನಿನ್ನೆ ಏರಿ ಮೇಲೆ ಎರಡು ಸಲ ಆಫ್ ಆಯ್ತು ಕಣೋ,” ಎಂದ ಅಣ್ಣ ಒಂದು ಶನಿವಾರ. “ಬ್ರೇಕ್ ಒತ್ತಿ ಅಲ್ಲೇ ನಿಂತ್ಬಿಟ್ಟೆ. ನೀರಿನ ಸೌಂಡು ಮಾತ್ರ ಕೇಳ್ತಾ ಇತ್ತು. ಇನ್ನೊಂದ್ಸಲ ಆದ್ರೆ ಕೆರೇಗೇ.”

ನಗುತ್ತಲೇ ಹೇಳಿದ. ಆದರೆ ಅವನು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಬರೆಯಲು ಈಗ ನಾಚಿಕೆ. ಚಿಕ್ಕಂದಿನಿಂದ ಎಲ್ಲದರಲ್ಲೂ ನನಗಿಂತ ಮುಂದಿದ್ದವನು ನನ್ನ ಸಹಾಯ ಕೇಳಿಕೊಂಡು ಬಂದಿದ್ದ. “ರೈಲಿಗೇ ದೀಪ ಹಾಕೋನು ನಾನು, ಇದ್ಯಾವ ದೊಡ್ಡ ವಿಷಯ,” ಎಂದುಬಿಟ್ಟೆ.

ನಮ್ಮ ವಿಭಾಗದಲ್ಲಿ ಎರಡು ಕಟ್ಟುನಿಟ್ಟಿನ ಪದ್ಧತಿಗಳಿದ್ದವು. ಬೋಗಿಯ ಪ್ರತಿ ದೀಪಕ್ಕೂ ಎರಡು ತಂತಿ, ಕರೆಂಟು ಹೋಗಲು ಒಂದು, ಹಿಂದಿರುಗಲು ಒಂದು. ತಂತಿ ಎಲ್ಲಾದರೂ ಬೋಗಿಯ ಕಬ್ಬಿಣಕ್ಕೆ ತಾಗಿತೋ, ಅದು ಅಪರಾಧ. ಇನ್ನೊಂದು, ಯಾವ ಬೋಲ್ಟು ಬಿಗಿಯುವ ಮೊದಲೂ ಅಲ್ಲಿನ ತುಕ್ಕು ಕೆರೆದು ಕೆಂಪು ಬಣ್ಣ ಬಳಿಯಬೇಕು. ನಮ್ಮ ಮೇಸ್ತ್ರಿ ಬಿಗಿದ ಬೋಲ್ಟನ್ನು ಬಿಚ್ಚಿಸಿ ಅಡಿಯಲ್ಲಿ ಬಣ್ಣವಿದೆಯೇ ಎಂದು ಉಗುರಿನಲ್ಲಿ ಕೆರೆದು ನೋಡುತ್ತಿದ್ದರು. ಇಲ್ಲದಿದ್ದರೆ ಮುಖಮೂತಿ ನೋಡದೆ ಬೈಯುತ್ತಿದ್ದರು. ನಾನು ಬೈಸಿಕೊಂಡವನೇ ಅಲ್ಲ.

ಭಾನುವಾರ ಬೆಳಗ್ಗೆ ಶುರುಮಾಡಿ ಮಧ್ಯಾಹ್ನದ ಹೊತ್ತಿಗೆ ಜೀಪಿನ ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದು ಎಳೆದೆ. ಬಲ್ಬು ಬದಲಿಸಿದೆ. ಅಣ್ಣ ಪುದುಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ಹುಡುಕಿ ತಂದಿದ್ದ ಸ್ವಿಚ್ಚನ್ನು ಕೂರಿಸಿದೆ. ದೀಪ ಕೂರುವ ಕಬ್ಬಿಣದ ಪಟ್ಟಿಗಳು ತುಕ್ಕಿನಿಂದ ಉಬ್ಬಿದ್ದವು. ಅವನ್ನು ಫಳಫಳ ಹೊಳೆಯುವಂತೆ ಉಜ್ಜಿ, ಪ್ರತಿ ಬೋಲ್ಟಿನಡಿಗೂ ಎರಡೆರಡು ಕೋಟು ಕೆಂಪು ಬಣ್ಣ ಬಳಿದು, ಒಣಗಿಸಿ, ಬಿಗಿದೆ. ದೀಪ ಎದುರು ಮನೆಯ ಗೋಡೆಗೆ ಬಿಳಿಯಾಗಿ ಬಿತ್ತು. ಅಣ್ಣ ನನ್ನ ಬೆನ್ನಿಗೆ ಗುದ್ದಿದ. ಅಷ್ಟು ಹೆಮ್ಮೆಪಟ್ಟ ದಿನ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಮೂರು ದಿನ ಏನೂ ಆಗಲಿಲ್ಲ. ಗುರುವಾರ ಮಧ್ಯಾಹ್ನ ಅಣ್ಣ ಪೆರಂಬೂರಿನ ಕಡೆ ಏನೋ ಸಾಮಾನು ಒಯ್ಯಲು ಬಂದವನು ಪೆರಿಯವರ್ ಜೊತೆ ಮನೆಗೆ ಬಂದು ಕಾಫಿ ಕುಡಿದ. ನನಗೆ ಅವತ್ತು ರಜೆ. ಮೋಡ ಕವಿದು ನಾಲ್ಕೂವರೆಗೇ ಬೀದಿ ಮಂಕಾಗಿತ್ತು. ಹೊರಡುವಾಗ ಅಣ್ಣ ಅಮ್ಮನಿಗೆ ನನ್ನ ಕೆಲಸ ತೋರಿಸಲೆಂದು ದೀಪ ಹಾಕಿದ. ದೊಡ್ಡ ದೀಪಗಳು ಹತ್ತಿದವು, ಆದರೆ ಮಂಕಾಗಿ. ಅವುಗಳ ಪಕ್ಕದ ಪುಟ್ಟ ದೀಪಗಳು, ಯಾರೂ ಹಾಕದೆ ಇದ್ದವು, ತಾವಾಗಿಯೇ ಕೆಂಪಗೆ ಮಿಣುಕಿದವು. “ಚಿಕ್ಕದನ್ನ ನಾನ್ ಹಾಕೇ ಇಲ್ಲ,” ಎಂದ ಅಣ್ಣ.

“ಚಿಕ್ಕದನ್ನ ಹಾಕಿಲ್ಲ ಅಂತೀಯ, ಮತ್ತೆ ಯಾಕೋ ಉರೀತಿದೆ?” ಎಂದರು ಅಮ್ಮ. “ಕರೀದೆ ಬರೋದು ಒಳ್ಳೇದಲ್ಲ. ಇವತ್ತು ಬೇಡ, ಹೋಗ್ಬೇಡ ಕಣೋ.”

ಅಮ್ಮನಿಗೆ ವಿದ್ಯುತ್ತಿನ ಗಂಧಗಾಳಿ ಇಲ್ಲ. ಆದರೂ ಆ ಬೀದಿಯಲ್ಲಿದ್ದ ನಾಲ್ವರಲ್ಲಿ ಎದುರಿಗಿದ್ದದ್ದನ್ನು ಸರಿಯಾಗಿ ನೋಡಿದವರು ಅವರೊಬ್ಬರೇ. ನಾನು ದೀಪದ ಬುಡಕ್ಕೆ ಅಂಗೈಯಿಂದ ಬಡಿದೆ. ದೊಡ್ಡ ದೀಪಗಳು ಪ್ರಕಾಶವಾದವು, ಪುಟ್ಟವು ಆರಿದವು.

“ಸ್ವಿಚ್ಚಲ್ಲಿ ಸ್ವಲ್ಪ ಲೀಕು ಇರಬೇಕು, ಅಷ್ಟೇ. ಭಾನುವಾರ ನೋಡ್ತೀನಿ,” ಎಂದೆ. ಹೊಳೆದದ್ದನ್ನು ಹೇಳಿದೆನೇ ಹೊರತು ಬಿಚ್ಚಿ ನೋಡಲಿಲ್ಲ. ಅಮ್ಮನೆದುರು ನನ್ನ ಕೆಲಸವನ್ನು ನಾನೇ ಬಿಚ್ಚುವುದು ನನಗೆ ಬೇಕಿರಲಿಲ್ಲ.

ಪೆರಿಯವರ್ ಸೀಟಿನಿಂದ ಬಗ್ಗಿ, “ತಂಬಿ, ವೆಳಿಚ್ಚಂ ನಿಕ್ಕುಮಾ?” ಎಂದು ಕೇಳಿದರು. ಬೆಳಕು ನಿಲ್ಲುತ್ತದೆಯೇ ಎಂದು. ಆಯುಷ್ಯವೆಲ್ಲ ದೀಪ ಹಿಡಿದವರು.

“ನಿಕ್ಕುಂ, ಪೋಂಗೊ,” ಎಂದೆ. ನಿಲ್ಲುತ್ತದೆ, ಹೋಗಿ ಎಂದು. ಜೀಪು ವೇಲಚೇರಿಯ ಕಡೆ ಹೊರಟಿತು.

ರಾತ್ರಿ ಎಂಟಾದರೂ ಅಣ್ಣ ಬರಲಿಲ್ಲ. ಅಮ್ಮ ಅವನ ತಟ್ಟೆಯನ್ನು ಎರಡು ಸಲ ಮುಚ್ಚಿ ಎರಡು ಸಲ ತೆರೆದು ನೋಡಿದರು. ಒಂಬತ್ತಕ್ಕೆ ಸ್ಟುಡಿಯೋದವನೊಬ್ಬ ಸೈಕಲ್ಲಿನಲ್ಲಿ ಬಂದ. ಏರಿಯ ತಿರುವಿನಲ್ಲಿ ದೀಪ ಎರಡೂ ಒಟ್ಟಿಗೆ ಆರಿದ್ದವು. ಜೀಪು ನೀರಿನ ಪಕ್ಕಕ್ಕೆ ಉರುಳಿತ್ತು. ಅಣ್ಣ ಏರಿಯ ಮೇಲೇ ಎಸೆಯಲ್ಪಟ್ಟು ಕಾಲು ಮುರಿದುಕೊಂಡಿದ್ದ. ಪೆರಿಯವರ್ ಜೀಪಿನಡಿ ಸಿಕ್ಕಿಹಾಕಿಕೊಂಡಿದ್ದರು. ಅಲ್ಲಿ ಮೊಣಕಾಲುದ್ದ ನೀರಿತ್ತಂತೆ, ಅಷ್ಟೇ. ಅವರ ಪ್ರಾಣ ಹೋಗಲು ಅಷ್ಟು ಸಾಕಾಯಿತು.

ನಾಲ್ಕನೇ ದಿನ ನಾನು ಸ್ಟುಡಿಯೋದ ಶೆಡ್ಡಿಗೆ ಹೋದೆ. ಜೀಪನ್ನು ಎಳೆದು ತಂದು ಹಾಕಿದ್ದರು. ಕೆಸರು ಒಣಗಿ ಬಿರಿದಿತ್ತು. ಒಂದು ದೀಪದ ಗಾಜು ಉಳಿದಿತ್ತು. ಕೈಯಲ್ಲಿ ತಂದಿದ್ದ ಬ್ಯಾಟರಿಗೆ ಜೀಪಿನ ತಂತಿ ಜೋಡಿಸಿದೆ. ಸ್ವಿಚ್ಚು ತಿರುಗಿಸಿದೆ, ಹತ್ತಲಿಲ್ಲ. ಟೆಸ್ಟ್ ಬಲ್ಬು ಹಿಡಿದು ನೋಡಿದೆ. ಸ್ವಿಚ್ಚು ದಾಟಿ, ನಾನೆಳೆದ ಹೊಸ ತಂತಿ ದಾಟಿ, ಕರೆಂಟು ದೀಪದ ತನಕ ಬಂದಿತ್ತು. ಸ್ವಿಚ್ಚಿನಲ್ಲಿ ಯಾವ ಕುಂದೂ ಇರಲಿಲ್ಲ. ದೀಪಕ್ಕೆ ಬಂದ ಕರೆಂಟು ಹಿಂದಿರುಗುವುದೆಲ್ಲಿಂದ ಎಂದು ನಾನು ಕೇಳಿಕೊಂಡದ್ದು ಆಗಲೇ, ಮೊದಲ ಸಲ.

ಜೀಪಿಗೆ ಎರಡನೆಯ ತಂತಿಯೇ ಇಲ್ಲ. ಅದರ ಕಬ್ಬಿಣದ ಮೈಯೇ ಎರಡನೆಯ ತಂತಿ. ದೀಪದಿಂದ ಪಟ್ಟಿಗೆ, ಪಟ್ಟಿಯಿಂದ ಬೋಲ್ಟಿನ ಮೂಲಕ ಮೈಗೆ ದಾರಿ. ಮೊದಲು ಆ ದಾರಿಯನ್ನು ತುಕ್ಕು ಅರ್ಧ ಮುಚ್ಚಿತ್ತು. ಉಳಿದರ್ಧವನ್ನು ನಾನು ಎರಡು ಕೋಟು ಬಣ್ಣ ಬಳಿದು ಮುಚ್ಚಿದ್ದೆ. ಬೋಲ್ಟಿನ ಹಲ್ಲು ಅಲ್ಲಿಷ್ಟು ಇಲ್ಲಿಷ್ಟು ಕಚ್ಚಿದ್ದ ಮೂರು ದಿನ ಬೆಳಕು ಬಂದಿತ್ತು. ಗುರುವಾರ ಪುಟ್ಟ ದೀಪಗಳು ಮಿಣುಕಿದ್ದು, ಹಿಂದಿರುಗಲು ದಾರಿ ಸಿಗದ ಕರೆಂಟು ಅವುಗಳ ಮೂಲಕ ನುಸುಳುತ್ತಿದ್ದುದರಿಂದ. ಸ್ಕ್ರೂಡ್ರೈವರಿನ ತುದಿಯನ್ನು ದೀಪದ ಅಂಚಿಗೆ, ಅದರ ಕಬ್ಬಿಣದ ಸರಳನ್ನು ಮೈ ಕೆರೆದಿದ್ದ ಕಡೆ ಬರಿ ಕಬ್ಬಿಣಕ್ಕೆ ಇಟ್ಟೆ. ದೀಪ ಝಗ್ಗೆಂದು ಹತ್ತಿ ನನ್ನ ಮುಖಕ್ಕೇ ಹೊಡೆಯಿತು. ಬೋಲ್ಟು ಬಿಚ್ಚಿ, ಮೇಸ್ತ್ರಿಯಂತೆ ಅಡಿಯನ್ನು ಉಗುರಿನಲ್ಲಿ ಕೆರೆದು ನೋಡಿದೆ; ಬಣ್ಣವಿತ್ತು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಹೇಳಬೇಕೆಂದೇ ಹೋದೆ. ಅಮ್ಮ ಮಂಚದ ಕಾಲ ಬಳಿ ಫ್ಲಾಸ್ಕು ಹಿಡಿದು ನಿಂತಿದ್ದರು.

“ನೋಡಿದ್ಯಾ? ಎಲ್ಲಿತ್ತು ಫಾಲ್ಟು?” ಎಂದ ಅಣ್ಣ.

“ಸ್ವಿಚ್ಚಲ್ಲಿ,” ಎಂದೆ.

ಗುರುವಾರವೇ ಆಡಿದ್ದ ಮಾತು ನಾಲಗೆಯ ಮೇಲೆ ಸಿದ್ಧವಾಗಿತ್ತು. ಅಣ್ಣ ಕಣ್ಣು ಮುಚ್ಚಿಕೊಂಡ. “ನಾನ್ ತಂದ ಸ್ವಿಚ್ಚು,” ಎಂದ. ಆಮೇಲೆ ಕೈಚಾಚಿ ನನ್ನ ಮಣಿಕಟ್ಟು ಹಿಡಿದು, “ಸದ್ಯ, ನಿನ್ ಕೆಲ್ಸದಲ್ಲಿ ತಪ್ಪಿರ್ಲಿಲ್ಲ. ನಂಗೆ ಅದೇ ಭಯ ಇತ್ತು,” ಎಂದ. ಅಮ್ಮ ನನ್ನ ಬೆರಳುಗಳನ್ನು ನೋಡುತ್ತಿದ್ದರು. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣದ ಪುಡಿ ಕೂತಿತ್ತು.

ಅಣ್ಣ ಮತ್ತೆ ಗಾಡಿ ಓಡಿಸಲಿಲ್ಲ. ಬದುಕಿರುವವರೆಗೂ ಪ್ರತಿ ವರ್ಷ ಆ ದಿನ ವಡಪಳನಿಯ ಪೆರಿಯವರ್ ಮನೆಗೆ ಕುಂಟುತ್ತಾ ಹೋಗುತ್ತಿದ್ದ. ಬಸ್ಸು ಹತ್ತಿಸಲು ಇಳಿಸಲು ನಾನು ಜೊತೆಗೆ. ಬಾಗಿಲಲ್ಲಿ ನಿಂತು ಅವರ ಹೆಂಡತಿಗೆ ಅದೇ ಮಾತು ಹೇಳುತ್ತಿದ್ದ, “ನಾನ್ ವಾಂಗಿನ ಸ್ವಿಚ್ಚುಮ್ಮಾ.” ನಾನು ಕೊಂಡು ತಂದ ಸ್ವಿಚ್ಚು ಅಮ್ಮಾ, ಎಂದು. ಆಕೆ ಸಾಕು ಬಿಡಪ್ಪಾ ಎನ್ನುವಂತೆ ಕೈಯಾಡಿಸಿ, ಒಳಗೆ ಕರೆದು ಕೂರಿಸಿ, ಇಬ್ಬರಿಗೂ ಕಾಫಿ ಕೊಡುತ್ತಿದ್ದರು. ನಾನು ಕುಡಿಯುತ್ತಿದ್ದೆ.