ಗಡೀಪಾರಾದ ಹುರುಳಿ

ಆ ಮಧ್ಯಾಹ್ನ ಹಿರಿಯೂರಿನ ನಮ್ಮ ಮನೆಯ ನಡುಮನೆಯಲ್ಲಿ ಕೂತಿದ್ದವರು ನಾಲ್ಕೂಕಾಲು ಜನ. ನಮ್ಮತ್ತೆ ಗಂಗಮ್ಮ, ಅವರ ಅಕ್ಕ ಬಿ.ದುರ್ಗದ ದೊಡ್ಡಮ್ಮ, ಪಕ್ಕದ ಮನೆಯ ಬಳೆ ಅಂಗಡಿ ಫಾತಿಮಾಬಿ, ಮತ್ತು ನಾನು. ಉಳಿದ ಕಾಲು ನನ್ನ ಹೊಟ್ಟೆಯೊಳಗಿತ್ತು. ಆ ಕಾಲನ್ನು ಪೂರ್ತಿ ಮಾಡುವುದಕ್ಕೆ ನಾನು ಏನು ತಿನ್ನಬೇಕು, ಅದಕ್ಕಿಂತ ಮುಖ್ಯವಾಗಿ ಏನು ತಿನ್ನಬಾರದು ಎಂಬುದೇ ಸಭೆಯ ವಿಷಯ. ಸಭೆಯಲ್ಲಿ ನನಗೆ ಬಾಯಿ ಇದ್ದದ್ದು ತಿನ್ನಲಿಕ್ಕೆ ಮಾತ್ರ, ಮಾತಾಡಲಿಕ್ಕಲ್ಲ.

ನಗುತ್ತಿದ್ದೇನೆಂದು ತಿಳಿಯಬೇಡಿ. ಆ ಸಭೆಯ ಹಿಂದೆ ಒಂದು ಭಯ ಕೂತಿತ್ತು. ಅದಕ್ಕೆ ಮುಂಚೆ ನನಗೊಂದು ಹೆಣ್ಣು ಕೂಸು ಹುಟ್ಟಿತ್ತು. ಇನ್ನೇನು ತವರಿಗೆ ಕಳಿಸಬೇಕು ಎನ್ನುವಷ್ಟರಲ್ಲಿ, ದಿನ ತುಂಬುವ ಮೊದಲೇ, ಅಂಗೈಯಷ್ಟು ಹುಟ್ಟಿ, ಬೆಳಗಾಗುವ ತನಕವೂ ಇರದೆ ಹೋಗಿಬಿಟ್ಟಿತ್ತು. ಹೆಸರಿಡುವಷ್ಟು ಪುರುಸೊತ್ತನ್ನೂ ಅದು ನಮಗೆ ಕೊಡಲಿಲ್ಲ. ಹೀಗಾಗಿ ಎರಡನೆಯದನ್ನು ಉಳಿಸಿಕೊಳ್ಳಲೇಬೇಕೆಂದು ನಮ್ಮತ್ತೆ ಸೆರಗು ಬಿಗಿದು ನಿಂತಿದ್ದರು. ಅವರು ಬಲ್ಲ ಯುದ್ಧ ಒಂದೇ, ಅಡುಗೆಮನೆಯದು.

ಮೊದಲು ಗಡೀಪಾರಾದದ್ದು ಹುರುಳಿ. "ಹುರುಳಿ ಉಷ್ಣ" ಎಂದರು ದೊಡ್ಡಮ್ಮ. ಎಳ್ಳು ಅದಕ್ಕಿಂತ ಉಷ್ಣ. ನುಗ್ಗೆಸೊಪ್ಪು ಎಳ್ಳಿಗಿಂತಲೂ ಉಷ್ಣ. ಶೇಂಗಾ ಪಿತ್ತ, ಅವರೆ ವಾಯು, ಬದನೆ ನಂಜು. ಪರಂಗಿ ಹಣ್ಣಿನ ಹೆಸರೆತ್ತಿದ್ದರೆ ಮೂವರೂ ಸೇರಿ ನೆಲಕ್ಕೆ ಉಗುಳಿ ದೃಷ್ಟಿ ತೆಗೆಯುತ್ತಿದ್ದರೋ ಏನೋ, ಯಾರೂ ಎತ್ತಲಿಲ್ಲ. ನಮ್ಮದು ಲಿಂಗವಂತರ ಮನೆ. ಮೊಟ್ಟೆ ಮಾಂಸದ ಮಾತು ಹೊಸಿಲಿನ ಆಚೆಗೇ ನಿಲ್ಲುತ್ತದೆ. ಆದ್ದರಿಂದ ಕಾಳು ಸೊಪ್ಪುಗಳನ್ನು ಹೊರಹಾಕಿದ ಮೇಲೆ ಬಸುರಿಯ ತಟ್ಟೆಯಲ್ಲಿ ಉಳಿಯುವುದೇನು ಎಂದು ನೀವು ಕೇಳಬಹುದು. ಅಂದು ಯಾರೂ ಕೇಳಲಿಲ್ಲ.

ಕೊನೆಗೆ ರಾಗಿಯ ಸರದಿ ಬಂತು. "ರಾಗಿ ಮುದ್ದೆ ಬ್ಯಾಡ ಕಣೆ ಗಂಗಿ, ಕೂಸು ಕರ್ರಗಾಗ್ತೈತೆ" ಎಂದರು ದೊಡ್ಡಮ್ಮ.

ಫಾತಿಮಾಬಿ ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು. "ಅಲ್ರೀ ದೊಡ್ಡಮ್ಮ, ಎಮ್ಮೆ ದಿನಾ ಹಸ್ರು ಹುಲ್ಲು ತಿಂತೈತಲ್ಲ, ಅದರ ಕರ ಯಾಕ್ರಿ ಹಸ್ರಗೆ ಹುಟ್ಟಲ್ಲ?"

"ಏ, ಸುಮ್ಕಿರೇ ಮಾರಾಯ್ತಿ. ನಿನ್ ಬಾಯಿಗೆ ಒಂದು ಬೀಗ ಇಲ್ಲ" ಎಂದು ಅತ್ತೆ ನಕ್ಕರು. ಸಭೆಯೆಲ್ಲ ನಕ್ಕಿತು. ಆದರೆ ರಾಗಿ ಡಬ್ಬಿ ಮಾತ್ರ ಅಟ್ಟಕ್ಕೆ ಹೋಯಿತು.

ನಿಜ ಹೇಳಬೇಕೆಂದರೆ ಅದು ಹೋದದ್ದಕ್ಕೆ ನನಗೂ ಅಂಥ ದುಃಖವಾಗಲಿಲ್ಲ. ನನ್ನ ತವರು ಧರ್ಮಪುರದ ಕಡೆ. ಅಲ್ಲಿ ಮಳೆ ಹನಿ ಬಿದ್ದರೆ ಶೇಂಗಾ, ಬೀಳದಿದ್ದರೆ ಶೇಂಗಾದ ಕನಸು. ಅನ್ನ ಎಂಬುದು ಹಬ್ಬಕ್ಕೆ ಬರುವ ನೆಂಟ. ಅಂಥ ಊರಿನಿಂದ ಮಾರಿಕಣಿವೆ ಅಣೆಕಟ್ಟಿನ ನೀರು ಹರಿಯುವ ಗದ್ದೆಯವರ ಮನೆಗೆ ಸೊಸೆಯಾಗಿ ಬಂದವಳಿಗೆ, ಮೂರು ಹೊತ್ತೂ ಬೆಳ್ಳಗೆ ಅರಳಿದ ಅನ್ನ ಕಂಡರೆ ಸ್ವರ್ಗ ಇಲ್ಲೇ ಇಳಿದಂತೆ. ತವರಿನಿಂದ ಯಾರಾದರೂ ಬಂದರೆ ತಟ್ಟೆಯನ್ನು ಅವರಿಗೆ ಕಾಣುವ ಹಾಗೆ ಹಿಡಿದೇ ಉಣ್ಣುತ್ತಿದ್ದೆ. ಹೊಟ್ಟೆಗಿಂತ ಹೆಚ್ಚಾಗಿ ನನ್ನ ಜಂಬ ಉಣ್ಣುತ್ತಿತ್ತು.

ಮೊದಲ ಬಸುರಿನಲ್ಲಿ ಉಣಿಸಿದಂತೆಯೇ ಅತ್ತೆ ಈ ಸಲವೂ ಉಣಿಸಿದರು, ಇನ್ನಷ್ಟು ಧಾರಾಳವಾಗಿ. ಬೆಳಿಗ್ಗೆ ಹಾಲು ಬೆಲ್ಲ ಕಲೆಸಿದ ಅವಲಕ್ಕಿ, ಮಧ್ಯಾಹ್ನ ತುಪ್ಪ ತೇಲುವ ಅನ್ನ, ಸಂಜೆ ಗೋಧಿ ಹುಗ್ಗಿ, ಮತ್ತೆ ಹಾಲನ್ನ. ನಡುನಡುವೆ ಕಾಫಿ. ಕುಪ್ಪಸದ ಶಾಸ್ತ್ರಕ್ಕೆಂದು, ಅದೇ ಸೀಮಂತಕ್ಕೆ, ಬೀದಿಯವರೆಲ್ಲ ತಂದದ್ದೂ ಸಿಹಿಯೇ. ಹೋಳಿಗೆ, ಕರ್ಜಿಕಾಯಿ, ರವೆ ಉಂಡೆ. ಎರಡು ಜೀವಕ್ಕೆ ಉಣ್ಣಬೇಕು ಎಂಬ ಮಾತಿದೆಯಲ್ಲ, ನಮ್ಮ ಬೀದಿಯವರು ಅದನ್ನು ಎರಡು ಪಂಕ್ತಿಗೆ ಎಂದು ತಿಳಿದಂತಿತ್ತು.

ಕಪ್ಪಗಿದ್ದ ನಾನು ದಿನದಿನಕ್ಕೆ ಬೆಳ್ಳಗಾದೆ. ಉಗುರು ಬೆಳ್ಳಗೆ, ತುಟಿ ಬೆಳ್ಳಗೆ, ಕಣ್ಣಿನ ಒಳರೆಪ್ಪೆ ಬೆಳ್ಳಗೆ. ಬಂದವರೆಲ್ಲ ಗಲ್ಲ ಹಿಡಿದು, "ಏನ್ ಕಳೆ ಬಂದೈತ್ರೀ ನಿಮ್ ಸೊಸೆಗೆ! ಚಂದ್ರ ಇದ್ದಂಗವ್ಳೆ" ಎನ್ನುತ್ತಿದ್ದರು. ಅತ್ತೆ ಸಂತೋಷದಲ್ಲಿ ನೀವಾಳಿಸುತ್ತಿದ್ದರು. ಚಂದ್ರನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಕೊಡ ಎತ್ತಿದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಬಸುರಿಗೆ ಅದೆಲ್ಲ ಇದ್ದದ್ದೇ ಎಂದು ಹೇಳುವವರು ಬೇಕಾದಷ್ಟು ಜನ ಇದ್ದರು. ಕೇಳುವುದಕ್ಕೆ ನಾನೂ ಇದ್ದೆ.

ಇದರ ಮೇಲೊಂದು ಬಯಕೆ ಶುರುವಾಯಿತು. ಹೇಳಿಕೊಳ್ಳಲು ಈಗಲೂ ನಾಚಿಕೆ. ಸ್ಲೇಟಿನ ಮೇಲೆ ಬರೆಯುವ ಬಳಪ! ಮೊದಲು ಕದ್ದು ಒಂದು ತುಂಡು, ಆಮೇಲೆ ಸೆರಗಿನ ಗಂಟಿನಲ್ಲಿ ಒಂದು ಹಿಡಿ. ಸುಣ್ಣ ಬಳಿದ ಗೋಡೆಗೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ನಾಲಿಗೆಯಲ್ಲಿ ನೀರೂರುತ್ತಿತ್ತು. ಸಿಕ್ಕಿಬಿದ್ದ ದಿನ ಬೈಗುಳ ಬೀಳುತ್ತದೆ ಎಂದುಕೊಂಡೆ. ಅತ್ತೆಯ ಮುಖ ಅರಳಿತು. "ಮಣ್ಣಿನ ಬಯಕೆ ಅಂದ್ರೆ ಸಾಮಾನ್ಯ ಅಲ್ಲವ್ವ. ಹುಟ್ಟೋದು ಭೂಮಿ ಆಳ್ತೈತೆ."

ಇದನ್ನು ಅವರು ತಾವೇ ಕಟ್ಟಿ ಹೇಳಿದ್ದಲ್ಲ, ಪುರಾಣದಲ್ಲೇ ಇದೆ. ನನ್ನ ತಾತ ತವರೂರಲ್ಲಿ ಪುರಾಣ ಹೇಳುವವರು. ನನಗೆ ನಾಲ್ಕು ಮಾತು ಜೋಡಿಸಲು ಬಂದದ್ದು ಅವರ ಮೊಣಕಾಲ ಬಳಿ ಕೂತು. ಹಿಂದಿನ ಕಾಲದ ರಾಣಿಯರು ಬಸುರಿನಲ್ಲಿ ಮಣ್ಣು ಮೆದ್ದರೆಂದೂ, ಅದಕ್ಕೇ ಅವರ ಮಕ್ಕಳು ಭೂಮಂಡಲ ಆಳಿದರೆಂದೂ ಅವರು ರಾಗವಾಗಿ ಹೇಳುತ್ತಿದ್ದರು. ಬಸುರಿಗೆ ಎರಡು ಹೃದಯ, ಒಂದು ತನ್ನದು, ಒಂದು ಒಳಗಿನದು. ಬಯಕೆ ಬರುವುದು ಆ ಎರಡನೆಯದರಿಂದ, ಅದನ್ನು ತಳ್ಳಿಹಾಕಬಾರದು ಎಂದೂ ಹೇಳುತ್ತಿದ್ದರು. ಎಷ್ಟು ಚೆಂದದ ಮಾತು! ಒಳಗಿನದು ಕೇಳಿದ್ದು ಬಳಪವನ್ನಲ್ಲ, ಬೇರೆ ಏನೋ ಇಲ್ಲವೆಂದು ಅದು ಬಾಗಿಲು ಬಡಿಯುತ್ತಿತ್ತು ಎಂಬುದು ತಾತನಿಗೂ ಗೊತ್ತಿರಲಿಲ್ಲ. ಕತೆಯ ರಾಣಿಯರ ಕಣ್ಣರೆಪ್ಪೆಯನ್ನು ಯಾರಾದರೂ ಕೆಳಗೆಳೆದು ನೋಡಿದ್ದರೆ ಕತೆ ಏನಾಗುತ್ತಿತ್ತೋ.

ನನ್ನ ಕಣ್ಣರೆಪ್ಪೆಯನ್ನು ಎಳೆದು ನೋಡಿದವರು ಚಿತ್ರದುರ್ಗದ ಒಬ್ಬ ಡಾಕ್ಟರಮ್ಮ. ಬಚ್ಚಲ ಬಳಿ ಬವಳಿ ಬಂದು ಬಿದ್ದ ಮೇಲೆ ಅತ್ತೆ ಹೆದರಿ ಬಸ್ಸು ಹತ್ತಿಸಿದ್ದರು. ಡಾಕ್ಟರಮ್ಮ ರೆಪ್ಪೆ ನೋಡಿದರು, ನಾಲಿಗೆ ನೋಡಿದರು, ಉಗುರು ಒತ್ತಿ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಏನ್ರೀ ಅಮ್ಮ, ಈ ಹುಡುಗಿ ಮೈಯಲ್ಲಿ ರಕ್ತವೇ ಇಲ್ಲ, ಮನೆಯಲ್ಲಿ ಊಟ ಹಾಕೋದಿಲ್ವಾ?" ಎಂದರು.

ನಮ್ಮತ್ತೆಯ ಮುಖ ಕೆಂಪಾಯಿತು. ನನ್ನಲ್ಲಿ ಇಲ್ಲದ ರಕ್ತವೆಲ್ಲ ಅಲ್ಲಿಗೇ ಹೋದಂತಿತ್ತು. "ಊಟ ಹಾಕಲ್ವಾ ಅಂತ ಕೇಳ್ತೀರಲ್ರೀ ತಾಯಿ! ತುಪ್ಪದಾಗೆ ಕೈ ತೊಳಸೀನಿ ಇವಳಿಗೆ. ಮುದ್ದೆ ಮುಖ ತೋರಿಸಿಲ್ಲ. ಬೇಕಾರೆ ಇವಳನ್ನೇ ಕೇಳ್ರಿ."

ಡಾಕ್ಟರಮ್ಮ ಕೇಳಿದರು. ನಾನು ಹಾಲು, ಅನ್ನ, ತುಪ್ಪ, ಹುಗ್ಗಿ ಎಂದು ಹೇಳಿದೆ. ಬಳಪ ಎಂದು ಸಣ್ಣ ದನಿಯಲ್ಲಿ ಸೇರಿಸಿದೆ. ಅವರು ನಿಟ್ಟುಸಿರು ಬಿಟ್ಟು, "ನಿಮಗೆಷ್ಟು ಮಕ್ಕಳಮ್ಮ?" ಎಂದು ಅತ್ತೆಯನ್ನೇ ಕೇಳಿದರು.

"ಐದು. ಐದೂ ಗಟ್ಟಿಮುಟ್ಟಾಗವೆ."

"ಬಸುರಿಯಾಗಿದ್ದಾಗ ನೀವು ಏನು ಉಣ್ತಿದ್ರಿ?"

"ನಮಗೇನಿತ್ರಿ ತಾಯಿ ಆಗ? ಬಡತನ." ಅತ್ತೆ ಹೇಳತೊಡಗಿದರು. ಸ್ವಾತಂತ್ರ್ಯ ಬಂದ ವರ್ಷ ನನ್ನ ಗಂಡ ಅವರ ಹೊಟ್ಟೆಯಲ್ಲಿದ್ದರಂತೆ. ಆಗ ಮನೆ ಇದ್ದದ್ದು ಐಮಂಗಲದ ಕಡೆ, ಖುಷ್ಕಿ ಹೊಲದಲ್ಲಿ. ಗದ್ದೆ ಮಾಡಿದ್ದು ಎಷ್ಟೋ ಆಮೇಲೆ. ಧಾನ್ಯಕ್ಕೆ ಕಂಟ್ರೋಲ್ ಇದ್ದ ದಿನಗಳು, ಅಕ್ಕಿ ಕಣ್ಣಿಗೂ ಸಿಗುತ್ತಿರಲಿಲ್ಲ. "ರಾಗಿ ಮುದ್ದೆ, ಹುರುಳಿ ಕಟ್ಟು. ಹೊಲದ ಬದುವಿನಾಗೆ ಏನು ಸೊಪ್ಪು ಸಿಕ್ತಿತ್ತೋ ಅದು. ಸಂಜಿಗೆ ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ಕಣ್ಣಾಗೆ ನೀರು ಬರ್ತಿತ್ತು ತಾಯಿ, ಬಸುರಿಗೆ ಒಂದಗಳು ಅನ್ನ ಇಲ್ವಲ್ಲ ಅಂತ. ನಾನು ಪಟ್ಟ ಕಷ್ಟ ನನ್ ಸೊಸೆ ಪಡಬಾರ್ದು ಅಂತಾನೇ ಅಲ್ವೇನ್ರಿ ನಾನು..."

"ಅದನ್ನೇ ಕೊಡಿ" ಎಂದರು ಡಾಕ್ಟರಮ್ಮ.

"ಯಾವುದನ್ನ?"

"ನೀವು ಉಂಡದ್ದನ್ನೇ. ಮುದ್ದೆ, ಕಾಳು, ಸೊಪ್ಪು. ಮೇಲೆ ನಿಂಬೆಹಣ್ಣು ಹಿಂಡಿ. ಉಂಡ ತಕ್ಷಣ ಕಾಫಿ ಕುಡಿಸಬೇಡಿ. ಹಾಲೂ ಇರಲಿ, ತುಪ್ಪವೂ ಇರಲಿ, ಅದಷ್ಟೇ ಸಾಲದು. ಮಾತ್ರೆ ಬರೆದುಕೊಡ್ತೀನಿ, ತಪ್ಪಿಸಬಾರದು. ಆಗಾಗ ಕರ್ಕೊಂಡು ಬಂದು ತೋರಿಸಿ."

ಅತ್ತೆ ತಲೆಯಾಡಿಸಿದರು. ಅವರು ಬಡತನವೆಂದು ಅತ್ತದ್ದೇ ಬಸುರಿಯ ಊಟವಾಗಿತ್ತು. ಸಿರಿ ಬಂದ ಮೇಲೆ ಪ್ರೀತಿಯಿಂದ ಮೊದಲು ಮಾಡಿದ ಕೆಲಸವೆಂದರೆ ಅದನ್ನು ಅಟ್ಟಕ್ಕೆ ಹಾಕಿದ್ದು. ಇದು ನಮ್ಮತ್ತೆಯೊಬ್ಬರ ಕತೆಯಲ್ಲ. ಬಯಲುಸೀಮೆಯ ಎಷ್ಟು ಮನೆಗಳಲ್ಲಿ, ಕೈಯಲ್ಲಿ ನಾಲ್ಕು ಕಾಸು ಆಡಿದೊಡನೆ ಮುದ್ದೆ ಕೋಲು ಮೂಲೆ ಸೇರಿತು, ನೋಡಿ. ನೆಂಟರ ಮುಂದೆ ಹುರುಳಿ ಸಾರನ್ನು ಮುಚ್ಚಿಡುವವರನ್ನು ನಾನೇ ಕಂಡಿದ್ದೇನೆ. ಹಸಿದ ಕಾಲ ಕಲಿಸಿದ್ದನ್ನು ಹೊಟ್ಟೆ ತುಂಬಿದ ಕಾಲ ಮರೆಸಿತು. ಮನುಷ್ಯ ಕಷ್ಟವನ್ನು ಬಿಟ್ಟು ಓಡುವಾಗ ಅದರ ಜೊತೆಗಿದ್ದ ಒಳ್ಳೆಯದನ್ನೂ ಅಲ್ಲೇ ಬಿಟ್ಟು ಓಡುತ್ತಾನೆ. ತಿರುಗಿ ನೋಡುವ ವ್ಯವಧಾನ ಯಾರಿಗಿರುತ್ತದೆ?

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಮಾತಿನ ಮಲ್ಲಿಯೆಂದು ಹೆಸರಾದವರು ಮುಖವನ್ನು ಹೊರಗಡೆಗೇ ತಿರುಗಿಸಿಕೊಂಡಿದ್ದರು. ಡಾಕ್ಟರಮ್ಮನ ಮಾತಿಗೆ ಇನ್ನೂ ಸಿಟ್ಟಿದೆ ಎಂದುಕೊಂಡೆ. ಸಮಾಧಾನ ಹೇಳೋಣವೆಂದು, "ಬಿಡಿ ಅತ್ತೆ, ಅವರಿಗೇನು ಗೊತ್ತು ನೀವು ಎಷ್ಟು ನೋಡಿಕೊಂಡಿದ್ದೀರಿ ಅಂತ" ಎಂದೆ. ಐಮಂಗಲ ಬಂತು. ಕಿಟಕಿಯಾಚೆ ಅವರ ಹಳೆಯ ಹೊಲಗಳ ಕಡೆಯ ದಾರಿ ಕಂಡಿತು. ಆಗ ನನ್ನ ಕೈ ಹಿಡಿದುಕೊಂಡು ಕೇಳಿದರು:

"ಸರೋಜಿ, ಮೊದ್ಲನೇದಕ್ಕೂ ನಾನು ಇದನ್ನೇ ಉಣಿಸಿದ್ನಲ್ಲವ್ವ. ಹಂಗಾರೆ ಅದು..."

ಮಾತನ್ನು ನಾನು ಮುಂದೆ ಹೋಗಗೊಡಲಿಲ್ಲ. ಅದು ಹೋದದ್ದಕ್ಕೆ ಇದೇ ಕಾರಣವೆಂದು ಯಾರೂ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಎಲ್ಲ ಸರಿಯಾಗಿ ಉಂಡವರಿಗೂ ಹಾಗಾಗುವುದುಂಟು. ಮುಂದಿನ ಸಲ ಹೋದಾಗ ನಾನೇ ಕೇಳಿದೆ. ಡಾಕ್ಟರಮ್ಮ, "ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು" ಎಂದರು. ಆ ಮಾತನ್ನು ಅತ್ತೆಗೆ ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಬೀಳುತ್ತಿದ್ದದ್ದು ಅದರ ಮೊದಲರ್ಧ ಮಾತ್ರ. ತಪ್ಪಿಲ್ಲದವರಿಗೆ ನೀನು ತಪ್ಪು ಮಾಡಿಲ್ಲವೆಂದು ನಂಬಿಸುವಷ್ಟು ಕಷ್ಟದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ನನ್ನ ಕೈಲಿ ಅದು ಕೊನೆಗೂ ಆಗಲಿಲ್ಲ. ಅವರು ಹೋಗಿ ಇಷ್ಟು ಕಾಲವಾದರೂ ಮನಸ್ಸಿಗೆ ಚುಚ್ಚುವುದು ಅದೊಂದೇ.

ಮನೆ ಸೇರಿದ ಸಂಜೆಯೇ ರಾಗಿ ಡಬ್ಬಿ ಅಟ್ಟದಿಂದ ಇಳಿಯಿತು. ಒಲೆಯ ಮೇಲೆ ಹುರುಳಿ ಬೇಯುವ ವಾಸನೆಗೆ ಫಾತಿಮಾಬಿ ಹಿತ್ತಲ ಗೋಡೆಯ ಮೇಲಿನಿಂದ ಇಣುಕಿ, "ಏನ್ ಗಂಗಮ್ಮಕ್ಕ, ಎಮ್ಮೆ ಕರ ಬಣ್ಣ ಬದಲಾಯಿಸ್ತಾ?" ಎಂದಳು. ಅತ್ತೆ ನಗಲಿಲ್ಲ. "ಬಾರೇ ಒಳಗೆ, ನಿಮ್ಮ ಹಿತ್ಲಾಗಿನ ನುಗ್ಗೆಸೊಪ್ಪು ಒಂದು ಹಿಡಿ ತಾ" ಎಂದರಷ್ಟೇ. ಅಂದಿನಿಂದ ದಿನಾ ಮುದ್ದೆ, ದಿನಾ ಸೊಪ್ಪು. ಮಾತ್ರೆಯನ್ನು ಅವರೇ ಬಾಯಿಗೆ ಹಾಕಿ, ನುಂಗಿದ್ದನ್ನು ನೋಡಿಯೇ ಏಳುತ್ತಿದ್ದರು. ಬಳಪದ ಆಸೆ ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ದಿನ ತುಂಬಿ ಮಗಳು ಹುಟ್ಟಿದಳು. ಸ್ವಲ್ಪ ಸಣ್ಣವಳು, ಆದರೆ ಅಳು ಜೋರು. ಬಣ್ಣ ಥೇಟ್ ನನ್ನದೇ, ಎಣ್ಣೆಗಪ್ಪು. ದೊಡ್ಡಮ್ಮ ಬಂದು ನೋಡಿ, "ನಾನು ಹೇಳಿರ್ಲಿಲ್ವಾ, ರಾಗಿ!" ಎಂದರು.

ಮಗಳು ಅಂಬೆಗಾಲಿಡುತ್ತಿದ್ದ ಹೊತ್ತಿಗೆ ಹಿರಿಯರ ಹಬ್ಬ ಬಂತು. ನಮ್ಮಲ್ಲಿ ಅಂದು ತೀರಿಕೊಂಡ ಹಿರಿಯರಿಗೆ ಒಬ್ಬೊಬ್ಬರಿಗೊಂದು ಎಲೆ ಹಾಕಿ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಕೂರುತ್ತಾರೆ. ಹೆಸರಿಡುವ ಮುಂಚೆ ಹೋದ ಕೂಸುಗಳಿಗೆ ಎಡೆಯ ಪದ್ಧತಿ ಇಲ್ಲ. ಆ ವರ್ಷ ಹೋಳಿಗೆ ಅನ್ನದ ಎಲೆಗಳ ಕೊನೆಯಲ್ಲಿ ಅತ್ತೆ ಇನ್ನೊಂದು ಚಿಕ್ಕ ಎಲೆ ಹಾಕಿದರು. ಅದರಲ್ಲಿ ನಿಂಬೆಹಣ್ಣಿನಷ್ಟು ರಾಗಿ ಮುದ್ದೆ, ದೊನ್ನೆಯಲ್ಲಿ ಹುರುಳಿ ಕಟ್ಟು.

"ಇದ್ಯಾರಿಗೇ?" ಎಂದರು ಮಾವ.

"ಇರ್ಲಿ ಬಿಡ್ರಿ" ಎಂದರು ಅತ್ತೆ.

ಬಾಗಿಲು ಎಳೆದು ಎಲ್ಲರೂ ಜಗಲಿಯ ಮೇಲೆ ಕೂತೆವು. ಮಗು ಅತ್ತೆಯ ಬಳಿ ಇದೆಯೆಂದು ನಾನು, ನನ್ನ ಬಳಿ ಇದೆಯೆಂದು ಅತ್ತೆ. ಹೊತ್ತಾದ ಮೇಲೆ ಬಾಗಿಲು ತೆಗೆದರೆ ಹಿರಿಯರ ಎಲೆಗಳು ಹಾಕಿದಂತೆಯೇ ಇದ್ದವು. ಚಿಕ್ಕ ಎಲೆಯ ಮುಂದೆ ಮಗಳು ಕೂತಿದ್ದಳು. ಕೆನ್ನೆ, ಮೂಗು, ಮುಂಗೂದಲು, ಎಲ್ಲ ರಾಗಿ.

"ಅಯ್ಯೋ, ಎಡೆ ಎಂಜಲಾತಲ್ಲೇ!" ಎಂದು ಮಾವ ಮುಂದೆ ಬಂದರು. ಅತ್ತೆ ಅವರನ್ನು ತಡೆದು, ಮೊಮ್ಮಗಳ ಪಕ್ಕ ನೆಲಕ್ಕೆ ಕೂತರು. ಎಲೆಯಲ್ಲಿ ಉಳಿದಿದ್ದ ಮುದ್ದೆಯನ್ನು ಚಿಕ್ಕ ತುತ್ತು ಮಾಡಿ, ಕಟ್ಟಿನಲ್ಲಿ ಅದ್ದಿ, ಅವಳ ಬಾಯಿಗಿಟ್ಟರು.

"ಉಣ್ಣವ್ವ" ಎಂದರು. "ನಿಮ್ಮಕ್ಕಂದೂ ನೀನೇ ಉಣ್ಣು."