ಬಾವಿ ಅಜ್ಜಿಯ ಮನೆಯ ನಕ್ಷತ್ರ

ಮಗಳ ಫ್ರಾಕಿನ ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಹಸಿರು ಗೆರೆ. ಬೆರಳಗಲ. ಸ್ಕೇಲ್ ಇಟ್ಟು ಎಳೆದಷ್ಟು ನೇರ.

ಮೊದಲ ದಿನ ವಾಟರ್ ಕಲರ್ ಎಂದುಕೊಂಡು ಒಗೆದೆ. ಮರುದಿನ ಬೇರೆ ಫ್ರಾಕು, ಅದೇ ಜಾಗ, ಅದೇ ಗೆರೆ. ಮೂಸಿ ನೋಡಿದೆ. ಬಣ್ಣದ ವಾಸನೆಯಲ್ಲ. ಹಸಿ ಕಲ್ಲಿನ ತಣ್ಣನೆಯ ವಾಸನೆ. (ಹೌದು, ನಾನು ಬಟ್ಟೆಯನ್ನು ಮೂಸಿ ನೋಡಿ ಒಗೆಯುವವಳು. ನೀವಲ್ಲವೇ?)

ಮನೆಯೊಳಗಿನ ಸಂಗತಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ ಎಂದು ಈ ಅಂಕಣ ಓದುವವರಿಗೆ ಗೊತ್ತು. ಮಗಳ ಫೋಟೊ ನನ್ನ ಸ್ಟೇಟಸ್ಸಿನಲ್ಲೂ ಇರುವುದಿಲ್ಲ. ಈ ಸಲ ಬರೆಯದೆ ಇರಲಾಗುತ್ತಿಲ್ಲ. ಹೆಸರು ಮಾತ್ರ ಬೇಡ. ಪುಟ್ಟಿ ಎನ್ನೋಣ. ನಾಲ್ಕು ವರ್ಷ, ಎಲ್‌ಕೆಜಿ, ಎರಡು ಜುಟ್ಟು. ಮನೆಯಲ್ಲಿ ಅವಳು, ನಾನು, ಅತ್ತೆ. ಗಂಡ ಹಡಗಿನಲ್ಲಿ, ಬರುವುದು ಇನ್ನು ಫೆಬ್ರವರಿಗೆ.

ಡಿಸೆಂಬರಿನ ಕೊನೆಗೆ ಪುಟ್ಟಿಯ ಶಾಲೆಗೆ ಕ್ರಿಸ್‌ಮಸ್ ರಜೆ. ರಜೆ ಮಕ್ಕಳಿಗೆ, ಹೋಮ್‌ವರ್ಕ್ ತಾಯಂದಿರಿಗೆ. ವಿಂಟರ್ ಹಾಲಿಡೇಸನ್ನು ಮಗುವಿನ ಜೊತೆ ಮನೆಯಲ್ಲೇ ಆಚರಿಸಿ, ಫೋಟೊ ಗ್ರೂಪಿಗೆ ಹಾಕಿ ಎಂದು ಟೀಚರಿಂದ ಮೆಸೇಜು. ವಿಂಟರ್! ಹೆಮ್ಮಾಡಿಯಲ್ಲಿ ವಿಂಟರ್ ಎಂದರೆ ಬೆಳಗ್ಗೆ ಸೇವಂತಿಗೆ ಗದ್ದೆಯ ಮೇಲೊಂದಿಷ್ಟು ಮಂಜು, ತಿಂಡಿ ಮುಗಿಯುವಷ್ಟರಲ್ಲಿ ಮತ್ತೆ ಫ್ಯಾನು. ಆದರೆ ಗ್ರೂಪಿನಲ್ಲಿ ಆಗಲೇ ಹತ್ತಿಯ ಹಿಮ ಬೀಳತೊಡಗಿತ್ತು.

ನಾನೇಕೆ ಬಿಡಲಿ? ಬಿದಿರು ಕಡ್ಡಿ, ಬಣ್ಣದ ಕಾಗದ ತಂದೆ. ದೀಪಾವಳಿಗೆ ಗೂಡುದೀಪ ಕಟ್ಟಿ ಅಭ್ಯಾಸವಿರುವ ಕೈಗೆ ನಕ್ಷತ್ರ ಕಷ್ಟವೇನಲ್ಲ. ಪುಟ್ಟಿ ಅಂಟು ಸವರಿದಳು. ಒಂದು ಮೊನೆ ಬಿಟ್ಟುಕೊಂಡು ಜೋತುಬಿತ್ತು. ಇರಲಿ ಎಂದಳು. ಇರಲಿ ಎಂದೆ.

ಎಲ್ಲಿ ತೂಗುಹಾಕುವುದು? ಅಂಗಳದ ಕಡೆ ಪ್ಲಗ್ ಇರುವುದು ಪಂಪಿನ ಹತ್ತಿರ ಮಾತ್ರ. ಹಾಗಾಗಿ ಬಾವಿಯ ಮೇಲೆ, ಹಿಂದೊಮ್ಮೆ ರಾಟೆ ಇದ್ದ ಕಬ್ಬಿಣದ ಅಡ್ಡಪಟ್ಟಿಗೆ ಕಟ್ಟಿದೆ. ಪಂಪು ಬಂದ ಮೇಲೆ ಬಾವಿಕಟ್ಟೆಯ ಹತ್ತಿರ ನಮಗೇನು ಕೆಲಸ? ಕಟ್ಟೆಯ ತುಂಬ ಪಾಚಿ. ಎಲೆ ಬೀಳದಂತೆ ಹಾಕಿದ್ದ ಬಲೆಯನ್ನು ದೀಪಾವಳಿಯಲ್ಲಿ ಬಾವಿಗೆ ಪೂಜೆ ಮಾಡಲು ತೆಗೆದಿದ್ದೆವು. ಅದು ಬಚ್ಚಲಿನ ಮೂಲೆಯಲ್ಲಿ ಮಡಚಿಕೊಂಡು ಹಾಗೇ ಕೂತಿತ್ತು. ಹಬ್ಬಕ್ಕೆ ತೆಗೆದದ್ದನ್ನು ಹಬ್ಬ ಮುಗಿದ ಮೇಲೆ ತಿರುಗಿ ಹಾಕುವುದು ಯಾರ ಕೆಲಸ ಎಂದು ಯಾವ ಮನೆಯಲ್ಲಿ ತೀರ್ಮಾನವಾಗಿದೆ?

ಹಬ್ಬಕ್ಕೆ ಮೊದಲೇ ಪಕ್ಕದ ಮನೆಯ ಜೆಸಿಂತಾ ಬಾಯಿ ಕುಸ್ವಾರಿನ ತಟ್ಟೆ ತಂದರು. ಅಕ್ಕಿ ಲಾಡು, ಕಡುಬಿನಾಕಾರದ ನೆವರಿ, ಹೂವಿನಂತೆ ಕರಿದ ಬಿಸ್ಕೆಟು. ಕ್ರೋಶಾ ಬಟ್ಟೆ ಮುಚ್ಚಿದ, ಅಂಚಿಗೆ ನೀಲಿ ಗೆರೆ ಇರುವ ತಟ್ಟೆ. ಅತ್ತೆ ತಿಂಡಿಯನ್ನು ಡಬ್ಬಕ್ಕೆ ಸುರಿದು, ತಟ್ಟೆ ತೊಳೆದು, ಅದರಲ್ಲೊಂದು ಬಾಳೆಹಣ್ಣಿನ ಚಿಪ್ಪು ಇಟ್ಟು ಪುಟ್ಟಿಯ ಕೈಗೆ ಕೊಟ್ಟರು.

"ಖಾಲಿ ತಟ್ಟೆ ವಾಪಸ್ ಕೊಡೂಕಾಗ ಮಗಾ. ಕೊಟ್ಟವ್ರಿಗ್ ಎಂತಾರೂ ಕೊಡ್ಕ್. ಕರ್ದವ್ರ ಮನಿಗ್ ಹೋಯ್ಕ್."

"ಹೋಗದಿದ್ರೆ?"

"ಅವ್ರಿಗ್ ಬೇಜಾರ್ ಆತ್ತ್."

ಪುಟ್ಟಿ ತಲೆಯಾಡಿಸಿದಳು. ಅವಳು ತಲೆಯಾಡಿಸಿದರೆ ಅದು ಒಳಗೆ ಹೋಗಿ ಕೂತಿತೆಂದೇ ಅರ್ಥ.

ಆಮೇಲಿನ ದಿನಗಳಲ್ಲಿ ಡಬ್ಬದ ನೆವರಿ ಬೇಗ ಬೇಗ ಕಡಿಮೆಯಾಯಿತು. ನಾನು ಅತ್ತೆಯನ್ನು ಅನುಮಾನಿಸಿದೆ. ಅತ್ತೆ ನನ್ನನ್ನು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. (ಅತ್ತೆ ಸೊಸೆ ಒಂದೇ ಮನೆಯಲ್ಲಿ ಸುಖವಾಗಿರುವುದು ಹೀಗೆ.)

ಹಬ್ಬದ ಹಿಂದಿನ ಸಂಜೆ. ಅತ್ತೆ ದೇವರ ದೀಪ ಹಚ್ಚುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೇಕಿನ ಹಿಟ್ಟು ಕಲಸುತ್ತಿದ್ದೆ. ಪುಟ್ಟಿ ಹಿಂದಿನಿಂದ ಬಂದು ನನ್ನ ಚೂಡಿದಾರದ ತುದಿ ಎಳೆದಳು.

"ಅಮ್ಮಾ, ನಾಳೆ ನಾ ಅಜ್ಜಿ ಮನಿಗ್ ಹೋಪುದಾ?"

"ಯಾವ್ ಅಜ್ಜಿ ಮಗಾ?"

"ಬಾವಿ ಅಜ್ಜಿ. ಅವ್ರ್ ಮನಿಯಂಗೂ ನಕ್ಷತ್ರ ಹಾಕಿರ್."

ಮಕ್ಕಳಿಗೆ ಕಾಲ್ಪನಿಕ ಗೆಳೆಯರಿರುವುದು ಒಳ್ಳೆಯ ಲಕ್ಷಣ ಎಂದು ಎಲ್ಲೋ ಓದಿದ್ದೆ. ಪ್ರೋತ್ಸಾಹಿಸಬೇಕಂತೆ. ಪ್ರೋತ್ಸಾಹಿಸಿದೆ.

"ಹೌದಾ? ಚೆಂದ ಇತ್ತಾ?"

"ನಮ್ದೇ ತರ ಇತ್ತ್. ಅವ್ರದ್ದೂ ಒಂದ್ ಮೂಲೆ ಜೋತ್ ಬಿದ್ದಿತ್ತ್. ಅಲ್ಲಿ ಒಂದ್ ಹೆಣ್ಣೂ ಇತ್ತ್. ಎರಡ್ ಜುಟ್ಟ್. ನಾ ಕೈ ಮಾಡ್ರೆ ಅದೂ ಕೈ ಮಾಡತ್ತ್. ಆದ್ರೆ ಅದಕ್ಕೆ ಕಣ್ಣ್ ಇಲ್ಲೆ."

ನನ್ನ ಕೈಯ ಚಮಚ ನಿಂತಿತು.

"ಮುಖ ಪೂರಾ ಕಪ್ಪ್ ಅಮ್ಮಾ. ಮೂಗೂ ಇಲ್ಲೆ, ಬಾಯೂ ಇಲ್ಲೆ."

"ಮತ್ತೆ ಅಜ್ಜಿ?"

"ಅಜ್ಜಿ ಕಾಂತಿಲ್ಲೆ. ಮಾತ್ ಮಾತ್ರ ಕೇಂತ್ತ್. ನಾ 'ಹ್ವಾಯ್' ಅಂದ್ರೆ ಅವ್ಳೂ 'ಹ್ವಾಯ್' ಅಂತಳ್. ನೆವರಿ ಕೊಟ್ಟೆ. ಅಜ್ಜೀ, ಹಬ್ಬಕ್ ನಮ್ಮನಿಗ್ ಬತ್ಯಾ ಅಂತ ಕೇಂಡೆ. ಅವ್ಳ್ 'ಬತ್ಯಾ?' ಅಂತ ನನ್ನನ್ನೇ ಕೇಂತಳ್. ಎಷ್ಟ್ ಸಲ ಕರ್ದ್ರೂ ಅಷ್ಟೇ. 'ಬತ್ಯಾ? ಬತ್ಯಾ?' ಅಂಬುದ್."

ಪುಟ್ಟಿ ನಿಟ್ಟುಸಿರುಬಿಟ್ಟಳು. ಥೇಟ್ ಅತ್ತೆಯ ಹಾಗೆ.

"ಕರ್ದವ್ರ ಮನಿಗ್ ಹೋಯ್ಕ್ ಅಲ್ದಾ? ಅದಕ್ಕೆ, ನಾಳೆ ಬತ್ತೆ ಅಂತ ಹೇಳ್ದೆ."

ಆಗ ನೋಡಿದೆ. ಹಬ್ಬದ ಹಳದಿ ಫ್ರಾಕು. ಹೊಟ್ಟೆಯ ಮೇಲೆ ಅಡ್ಡಕ್ಕೆ ಹಸಿರು ಗೆರೆ. ಒದ್ದೆಯಾಗಿತ್ತು.

ಅವಳನ್ನು ದೇವರ ಕೋಣೆಗೆ ಕರೆದೊಯ್ದು ಅತ್ತೆಯ ತೊಡೆಯ ಮೇಲೆ ಕೂರಿಸಿ, "ಬಿಡ್ಬೇಡಿ" ಎಂದಷ್ಟೇ ಹೇಳಿ ಹೊರಗೆ ಹೋದೆ.

ಬಾವಿಕಟ್ಟೆಗೆ ಒತ್ತಿಕೊಂಡೇ ಬಟ್ಟೆ ಒಗೆಯುವ ಕಲ್ಲಿದೆ. ಕಲ್ಲಿನ ಮೇಲೆ ನೆವರಿಯ ಪುಡಿ, ಅದಕ್ಕೆ ಇರುವೆಯ ಸಾಲು. ಕಟ್ಟೆಯ ಸುತ್ತ ದಪ್ಪ ಪಾಚಿ. ಕಲ್ಲಿನ ಎದುರಿಗೆ ಮಾತ್ರ ಅದು ಉಜ್ಜಿಹೋಗಿ ಕೆಂಪು ಕಲ್ಲು ಕಾಣುತ್ತಿತ್ತು. ಒಂದು ಮಗು ಹೊಟ್ಟೆಯಡಿಯಾಗಿ ಮಲಗುವಷ್ಟು ಅಗಲ. ಒಂದು ದಿನಕ್ಕೆ ಅಷ್ಟು ಉಜ್ಜಿಹೋಗುವುದಿಲ್ಲ.

ಬಗ್ಗಿ ನೋಡಿದೆ.

ಕೆಳಗೆ ನೀರಿನಲ್ಲಿ ಆಕಾಶದ ದುಂಡನೆಯ ತುಂಡು. ಅದರ ನಡುವೆ ನಕ್ಷತ್ರ, ಒಂದು ಮೊನೆ ಜೋತುಬಿದ್ದದ್ದು. ಅಂಚಿನಲ್ಲಿ ಒಂದು ತಲೆ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಪೂರ್ತಿ ಕಪ್ಪು.

ಅದು ನಾನೇ. ಬೆನ್ನ ಹಿಂದೆ ಬೆಳಕಿದ್ದರೆ ಬಾವಿಯಲ್ಲಿ ಯಾರ ಮುಖವೂ ಕಪ್ಪೇ. ಕೂಗಿದರೆ ಕೊನೆಯ ಮಾತು ತಿರುಗಿ ಬರುತ್ತದೆ. ಹೈಸ್ಕೂಲಿನ ವಿಜ್ಞಾನ. ಎಲ್ಲಕ್ಕೂ ವಿವರಣೆ ಸಿಕ್ಕಿತು. ಸಿಕ್ಕ ಮೇಲೆ ಹೆದರಿಕೆ ಹೆಚ್ಚಾಯಿತು. ದೆವ್ವವಾಗಿದ್ದರೆ ಎಷ್ಟು ಚೆನ್ನಾಗಿತ್ತು! ದೆವ್ವ ಸುಳ್ಳು ಎಂದು ಒಳಗೆ ಹೋಗಿ ಕೇಕು ಮಾಡಬಹುದಿತ್ತು. ಆ ಉಜ್ಜಿಹೋದ ಪಾಚಿ ಸುಳ್ಳಲ್ಲ. ನಾಳೆ ಬರುತ್ತೇನೆಂದು ನನ್ನ ಮಗಳು ಬಾವಿಗೆ ಮಾತು ಕೊಟ್ಟದ್ದೂ ಸುಳ್ಳಲ್ಲ.

ಸ್ವಿಚ್ ಆಫ್ ಮಾಡಿದೆ. ನೀರಿನ ನಕ್ಷತ್ರವೂ ಆರಿತು. ತಲೆ ಮಾತ್ರ ಹಾಗೇ ಇತ್ತು. ಬಲೆ ತಂದು ಬಿಗಿಯಾಗಿ ಕಟ್ಟಿದೆ. ಕಟ್ಟುವಾಗ ಬಾಯಿಬಿಡಲಿಲ್ಲ. ಏನಾದರೂ ಅಂದು, ಅದು ತಿರುಗಿ ಬಂದರೆ?

ಅತ್ತೆಗೆ ಹೇಳಿದೆ. ಅವರು ಪುಟ್ಟಿಯ ಕಾಲನ್ನು ಹಿಡಿದುಕೊಂಡೇ ಇದ್ದರು.

"ನಮ್ಮ್ ಕಾಲದ್ ಬಾವಿ ಅಜ್ಜಿ ಬೇರೆ ಮಾರಾಯ್ತಿ" ಎಂದರು. "ಬಗ್ಗಿ ಕಂಡ್ರೆ ಜುಟ್ಟ್ ಹಿಡ್ದ್ ಎಳಿತಿದ್ಲ್. ನಾವ್ ಕಟ್ಟೆ ಹತ್ರ ಹೋತಿರ್ಲಿಲ್ಲ. ನೀ ಮಗಿನ್ ಹೆದ್ರಿಸೂಕಾಗ ಅಂದಿ ಅಲ್ದಾ? ಅದಕ್ಕೆ ನಾ ಅಜ್ಜಿನ್ ಒಳ್ಳೆಯವ್ಳ್ ಮಾಡ್ದೆ. ಬಾವಿಯಂಗ್ ಅಜ್ಜಿ ಮನ್ಕಂಡಿರ್, ಗಲಾಟೆ ಮಾಡ್ಬೇಡ ಅಂತ ಮಾತ್ರ ಹೇಳ್ದೆ."

ನಾನು ಅಂದದ್ದು ನಿಜ. ಪುಟ್ಟಿ ನಡೆಯಲು ಕಲಿತಾಗ ಅತ್ತೆಯನ್ನು ಕೂರಿಸಿ, ಗುಮ್ಮ, ಭೂತ, ಜೋಗಿ ಯಾವುದೂ ಬೇಡ, ಮಕ್ಕಳಿಗೆ ಕಾರಣ ಹೇಳಿ ತಿಳಿಸಬೇಕು ಎಂದಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಕಾರಣವನ್ನು ನಾನು ಹೇಳಿದ್ದೆನೇ? ಇಲ್ಲ. ಅದಕ್ಕಿನ್ನೂ ಸಮಯವಿದೆ ಎಂದುಕೊಂಡಿದ್ದೆ. ಅತ್ತೆಯ ಹೆದರಿಕೆಯನ್ನು ತೆಗೆಸಿ, ಆ ಜಾಗದಲ್ಲಿ ಏನನ್ನೂ ಇಡಲಿಲ್ಲ. ಬಲೆಯ ಕಥೆಯೂ ಅದೇ ಅಲ್ಲವೇ?

ನೋಡಿ, ನಮ್ಮೂರುಗಳಲ್ಲಿ ಮನೆಗೊಂದು ಬಾವಿ. ಬಾವಿಗೊಂದು ಅಜ್ಜಿ, ಕೆರೆಗೊಂದು ಕನ್ಯೆ, ಹುಣಸೆ ಮರಕ್ಕೊಂದು ಏನೋ. ಓದಿದವರು ಮೂಢನಂಬಿಕೆ ಎಂದು ನಗುತ್ತೇವೆ. ಯಾರೋ ತಾಯಂದಿರು ಒಬ್ಬೊಬ್ಬ ಅಜ್ಜಿಯನ್ನು ಒಂದೊಂದು ಬಾವಿಗೆ ಕಾವಲು ಕೂರಿಸಿರಬೇಕು. ಆಳಿಗೆ ಸಂಬಳ ಕೊಟ್ಟು ಇಡಲಾಗದವರು ಇನ್ನೇನು ಮಾಡಿಯಾರು? ನಾವು ಆ ಕಾವಲನ್ನು ಬಿಡಿಸಿದೆವು. ಸಾಲದ್ದಕ್ಕೆ ಅಲ್ಲೊಂದು ನಕ್ಷತ್ರ ತೂಗುಹಾಕಿ ಸ್ವಿಚ್ ಹಾಕಿದೆವು.

ಇಷ್ಟು ಬರೆದು ಮುಗಿಸಬಹುದಿತ್ತು. ಒಂದು ಸಂಗತಿ ಉಳಿದಿದೆ.

ಊಟವಾದ ಮೇಲೆ ಪುಟ್ಟಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದೆ. "ಇಷ್ಟ್ ದಿನ ಹೇಳ್ದವ್ಳಲ್ಲ. ಇವತ್ತ್ ನನ್ನ ಹತ್ರ ಎಂತಕ್ ಕೇಂಡೆ ಮಗಾ?"

"ಅಜ್ಜಿಯೇ ಹೇಳ್ದ್ದ್."

"ಎಂತ ಹೇಳಿರ್?"

"ನಾಳೆ ಬತ್ತೆ ಅಂದೆ ಅಲ್ದಾ? ಆಗ, 'ಅಮ್ಮನ ಹತ್ರ ಕೇಂಡ್ಕಂಡ್ ಬಾ' ಅಂದಳ್."

ನಾನು ಅವಳ ಜುಟ್ಟು ಬಿಚ್ಚುತ್ತಿದ್ದೆ. ಬಿಚ್ಚುತ್ತಲೇ ಇದ್ದೆ.

ಪ್ರತಿಧ್ವನಿ ಹೇಳಿದ್ದನ್ನೇ ತಿರುಗಿ ಹೇಳುತ್ತದೆ. ಹೇಳದ್ದನ್ನು ಹೇಳುವುದಿಲ್ಲ. ಅತ್ತೆಯನ್ನು ಕೇಳಿದೆ. "ನಾ ದೇವರ ಕೋಣಿ ಒಳ್ಗ್ ಇದ್ದೆ. ನಾ ಎಲ್ಲಿಂದ ಹೇಳೂದ್?" ಬೇಲಿಯಾಚೆಯಿಂದ ಜೆಸಿಂತಾ ಬಾಯಿ ಕಂಡು ಹೇಳಿರಬಹುದೇ? ಫೋನ್ ಮಾಡಿದೆ. "ಎಂತ ಮಾರಾಯ್ತಿ, ಮಗು ಬಾವಿ ಹತ್ರ ಕಂಡ್ರೆ ನಾ ಮಾತಾಡ್ತಾ ನಿಲ್ತನಾ? ಎತ್ಕಂಡೇ ಬತ್ತಿದ್ದೆ!" ಅದೂ ಸರಿ. ಅವರು ಸಂಜೆಯಿಂದ ಇಗರ್ಜಿಯಲ್ಲಿ ಕ್ರಿಸ್‌ಮಸ್ಸಿನ ಗೋದಲಿ ಕಟ್ಟುತ್ತಿದ್ದರಂತೆ.

ಮಗುವಿನ ಮನಸ್ಸೇ ಹೇಳಿರಬೇಕು. ದಿನಕ್ಕೆ ಹತ್ತು ಸಲ ಕೇಳುವ ಮಾತು. ಬೇಕಾದ ಹೊತ್ತಿಗೆ ಯಾರದೋ ದನಿಯಲ್ಲಿ ಒಳಗಿಂದ ಕೇಳಿಸಿರಬೇಕು. ನಾನು ಹಾಗೆಂದೇ ನಂಬಿದ್ದೇನೆ. ನೀವೂ ಹಾಗೇ ನಂಬಿ.

ಮರುದಿನ ಬೆಳಗ್ಗೆ ಮಂಜು ಬಾವಿಕಟ್ಟೆಯವರೆಗೂ ಬಂದಿತ್ತು. ಪುಟ್ಟಿ ಎದ್ದಿರಲಿಲ್ಲ. ಬಾವಿಗೆ ಕಬ್ಬಿಣದ ಜಾಲರಿ ಮಾಡಿಕೊಡಲು ಕುಂದಾಪುರದ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿದೆ. ನಕ್ಷತ್ರ ಬಿಚ್ಚಿ, ಎಕ್ಸ್‌ಟೆನ್ಶನ್ ವಯರು ಎಳೆದು ಜಗಲಿಗೆ ಕಟ್ಟಿದೆ. ಪುಟ್ಟಿ ಎದ್ದ ಮೇಲೆ ಅವಳನ್ನು ಎತ್ತಿಕೊಂಡು ಬಂದು ಬಾವಿ ತೋರಿಸಿ, ನೀರು, ಆಳ, ನೆರಳು, ಎಲ್ಲವನ್ನೂ ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡೆ. ಹೇಳಿದೆ ಕೂಡ. ಆದರೆ ಅದು ಆಮೇಲೆ.

ಅದಕ್ಕೆ ಮೊದಲು, ಯಾರೂ ನೋಡುತ್ತಿಲ್ಲವೆಂದು ಎರಡೆರಡು ಸಲ ಖಚಿತಪಡಿಸಿಕೊಂಡು, ಬಲೆಯ ಒಂದು ಮೂಲೆ ಎತ್ತಿ, ಹಬ್ಬದ ಕೇಕಿನ ಮೊದಲ ತುಂಡನ್ನು ಬಾವಿಗೆ ಹಾಕಿದೆ.

ಮಗುವನ್ನು ಮನೆಗೆ ತಿರುಗಿ ಕಳಿಸಿದವರಿಗೆ, ನೀವೇ ಹೇಳಿ, ಖಾಲಿ ತಟ್ಟೆ ವಾಪಸ್ ಕೊಡುವುದುಂಟೇ?