ಕಣಗಿಲೆ ಗುಂಪಿಗೆ ಎಳೆಸೊಪ್ಪು

ನಿನ್ನೆ ಸಂಜೆ ಸ್ಕೂಲಿನಿಂದ ಬಂದ ಮೊಮ್ಮಗಳು ಎದೆಯ ಮೇಲೊಂದು ಕಾಗದದ ಗುಬ್ಬಿ ಅಂಟಿಸಿಕೊಂಡಿದ್ದಳು. "ನಾನು ಗುಬ್ಬಿ ಗ್ರೂಪು ತಾತ," ಅಂದಳು. ಮಿಕ್ಕವರೇನು ಎಂದು ಕೇಳಿದೆ. "ನವಿಲು, ಗಿಳಿ, ಆಮೇಲೆ ನಾವು," ಎನ್ನುತ್ತ ಷೂ ಬಿಚ್ಚಲು ಕೂತಳು. ಆ 'ಆಮೇಲೆ' ನನಗೆ ಸಾಕಾಗಿತ್ತು. ನಾನೂ ಮೇಷ್ಟರಾಗಿದ್ದವನು ನೋಡಿ.

ಮಕ್ಕಳನ್ನು ಹೀಗೆ ವಿಂಗಡಿಸುವ ವಿದ್ಯೆಯಲ್ಲಿ ನಾನೇನು ಕಡಿಮೆಯವನಲ್ಲ. ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದು, ನಮ್ಮ ಕಡೆಯ ಗಂಡಸರು ಬೆಳಿಗ್ಗೆಯೇ ಕಂಪನಿ ಬಸ್ಸು ಹತ್ತತೊಡಗಿದ್ದ ಕಾಲ. ವಿರೂಪಾಕ್ಷಿಪುರದ ಆಚೆಗಿನ ಶಾಲೆಯೊಂದರಲ್ಲಿದ್ದೆ. ಚನ್ನಪಟ್ಟಣದಲ್ಲಿ ಮೂರು ದಿನ ತರಬೇತಿ ಕೊಟ್ಟು, ಮಕ್ಕಳನ್ನು ಗುಂಪು ಮಾಡಿ ಕಲಿಸಿ ಎಂದು ಕಳಿಸಿದರು. ತರಬೇತಿಯ ಊಟ ಚೆನ್ನಾಗಿತ್ತು. ಬಂದವನೇ ಮೂರನೇ ಕ್ಲಾಸನ್ನು ಮೂರು ಮಾಡಿದೆ: ಓದಬಲ್ಲವರು ಮಲ್ಲಿಗೆ, ತಡವರಿಸುವವರು ಸಂಪಿಗೆ, ಅಕ್ಷರವೇ ಹತ್ತದವರು ಕಣಗಿಲೆ. ಹೂವಿನ ಹೆಸರಿಟ್ಟರೆ ಮಕ್ಕಳಿಗೆ ಗೊತ್ತಾಗುವುದಿಲ್ಲವೆಂಬ ಬುದ್ಧಿವಂತಿಕೆ ಬೇರೆ! ಎರಡೇ ದಿನಕ್ಕೆ "ಲೇ ಕಣಗಿಲೆ" ಎಂಬುದು ಬೈಗುಳವಾಯಿತು. ಆ ಗುಂಪನ್ನು ಬಿಸಿಯೂಟದ ಅಕ್ಕಿ ಮೂಟೆಗಳ ಪಕ್ಕ ಕೂರಿಸಿದ್ದೆ. ನನ್ನ ಕುರ್ಚಿ ಮಲ್ಲಿಗೆಯವರ ಹತ್ತಿರ. ಬಲ್ಲವರಿಗೆ ಪಾಠ ಹೇಳುವುದು ಸುಖ ಕಣ್ರೀ, ಸುಳ್ಳು ಯಾಕೆ ಹೇಳಲಿ.

ಕಣಗಿಲೆಯ ಸವಿತಾ ಒಂದು ವಾರ ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಅಪ್ಪ ಕಂಪನಿ ಬಸ್ಸಿನಲ್ಲಿ ಹೋಗಿಯಾಗಿತ್ತು. ತಾಯಿ ಜಯಮ್ಮ ರೇಷ್ಮೆ ಹುಳುವಿನ ತಟ್ಟೆಗಳ ಮುಂದೆ ಕೂತಿದ್ದರು. ಪಕ್ಕದಲ್ಲಿ ಸವಿತಾ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು.

"ಇನ್ ಕಳ್ಸಾಕಿಲ್ಲ ಮೇಷ್ಟ್ರೇ," ಅಂದರು ಜಯಮ್ಮ. "ಓದು ಹತ್ತಾಕಿಲ್ಲ ಅಂತ ನೀವೇ ಬ್ಯಾರೆ ಕೂರ್ಸಿದ್ದೀರಂತೆ. ಮನೇಲಿದ್ರೆ ಒಸಿ ಕೆಲ್ಸಕ್ಕಾಯ್ತಳೆ."

ತರಬೇತಿಯ ಭಾಷೆಯಲ್ಲಿ ಗುಂಪಿನ ಲಾಭಗಳನ್ನು ವಿವರಿಸಿದೆ. ಆಕೆ ಕೇಳುತ್ತಲೇ ಒಂದು ತಟ್ಟೆಯಿಂದ ಸಣ್ಣ ಹುಳುಗಳನ್ನು ಆರಿಸಿ ಇನ್ನೊಂದಕ್ಕೆ ಬಿಡುತ್ತಿದ್ದರು. ನನಗೆ ಖುಷಿಯೋ ಖುಷಿ. "ನೋಡಿ ಜಯಮ್ಮ, ನೀವೂ ಬೇರೆ ಮಾಡ್ತಾ ಇದೀರಲ್ಲ!"

"ಮಾಡ್ದೆ? ಎಲ್ಲಾ ಒಂದೇ ಕಿತ ಜ್ವರಕ್ಕೆ ಕೂರ್ಬೇಕಲ್ಲ." ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. "ಹಿಂದ್ ಬಿದ್ದೋವ್ನ ಬ್ಯಾರೆ ಮಾಡಿ, ಎಳೆಸೊಪ್ಪು ಮೊದ್ಲು ಅವ್ಕೇ ಹಾಕೋದು. ಜತೆಗ್ ಬಂದ್ಬುಟ್ರೆ ತಿರ್ಗ ಒಟ್ಟಿಗೇ ಬುಡ್ತೀವಿ."

ಸವಿತಾ ತಲೆ ಎತ್ತದೆ ಹೇಳಿದಳು: "ನಮ್ ತಟ್ಟೆ ತಾವ್ಕೆ ಮೇಷ್ಟ್ರು ಬರಾದೇ ಇಲ್ಲ ಕಣವ್ವ."

ನಾಚಿಕೆಯಾಯಿತು. "ನಾಳೆ ಕಳಿಸಿ, ಕುರ್ಚಿ ಅಲ್ಲಿಗೇ ಹಾಕ್ತೀನಿ," ಎಂದು ಎದ್ದೆ. ಜಯಮ್ಮ ಮುಂದಿನ ತಟ್ಟೆ ಎಳೆದುಕೊಂಡರು.

ಮಾರನೆಯ ದಿನ ಕುರ್ಚಿಯನ್ನು ಅಕ್ಕಿ ಮೂಟೆಗಳ ಪಕ್ಕಕ್ಕೆ ಎಳೆದೆ. ಎರಡು ದಿನ ಅವಳ ಜಾಗ ಖಾಲಿಯೇ ಇತ್ತು. ಮೂರನೆಯ ದಿನ ಬಂದಳು. ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ, ಸ್ಲೇಟು ತೆಗೆದಳು. ವರ್ಷ ಮುಗಿಯುವ ಹೊತ್ತಿಗೆ ಸಂಪಿಗೆಯವರ ಜೊತೆ ಕೂತು ಓದುತ್ತಿದ್ದಳು. ಮಲ್ಲಿಗೆಯವರು ನಾನಿಲ್ಲದೆಯೂ ಚೆನ್ನಾಗಿಯೇ ಓದಿಕೊಂಡರು. ಅದೊಂದು ಸಣ್ಣ ಬೇಜಾರು.

ಮೊಮ್ಮಗಳು ಷೂ ಬಿಚ್ಚಿ ಮುಗಿಸಿದ್ದಳು. "ನಿಮ್ಮ ಮಿಸ್ಸು ಎಲ್ಲಿ ಕೂತ್ಕೋತಾರಮ್ಮ?" ಎಂದು ಕೇಳಿದೆ.

"ನವಿಲಿನವರ ಹತ್ರ."

ಇವತ್ತು ಬೆಳಿಗ್ಗೆ ಅವಳ ಜೊತೆ ನಾನೂ ಚಪ್ಪಲಿ ಮೆಟ್ಟಿಕೊಂಡೆ. ಎಳೆಸೊಪ್ಪಿನ ವಿಷಯ ಮಿಸ್ಸಿಗೂ ಹೇಳಿ ಬರಬೇಕು.